ಅಮ್ಮನಿಗೆ ಶುಗರ್ ಇದೆ, ಸ್ಟೆಂಟ್ ಹಾಕಿದೆ: ಮೊದಲ ಸಲ ಹಲ್ಲಿನ ಡಾಕ್ಟರ ಬಳಿ ಹೋಗುವುದು ಹೇಗೆ?

ಪ್ರಶ್ನೆ: ನನ್ನ ಅಮ್ಮನಿಗೆ 61 ವರ್ಷ. ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿದ್ದಾರೆ. ಇದುವರೆಗೆ ಒಂದು ಸಲವೂ ಹಲ್ಲಿನ ಡಾಕ್ಟರ ಹತ್ತಿರ ಹೋದವರಲ್ಲ. 12 ವರ್ಷದಿಂದ ಶುಗರ್ ಇದೆ, ಬಿಪಿಗೆ ಆಮ್ಲೋಡಿಪಿನ್ ತಗೊಳ್ಳುತ್ತಾರೆ. 3 ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿದೆವು, ಆಗಿನಿಂದ ಎಕೋಸ್ಪ್ರಿನ್ ನಡೆಯುತ್ತಿದೆ. ಊಟವಾದ ಮೇಲೆ ಎಲೆ ಅಡಿಕೆ ಬೇಕೇ ಬೇಕು, ಜೊತೆಗೆ ಚೂರು ಹೊಗೆಸೊಪ್ಪು. ಈಗ ಕೆಳಗಿನ ಮುಂದಿನ ಎರಡು ಹಲ್ಲು ಅಲುಗಾಡುತ್ತಿವೆ, ವಸಡಿನಲ್ಲಿ ರಕ್ತ ಬರುತ್ತದೆ. ಮೇಲಿನ ಎಡಗಡೆಯ ದವಡೆ ಹಲ್ಲು ರಾತ್ರಿ ನಿದ್ದೆ ಕೆಡಿಸುತ್ತಿದೆ. ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆ, ಕ್ಲೀನ್ ಮಾಡಿಸಿದರೆ ಇದ್ದ ಹಲ್ಲೂ ಸಡಿಲವಾಗುತ್ತವೆ, ಶುಗರ್ ಇದ್ದವರಿಗೆ ಗಾಯ ಮಾಯುವುದಿಲ್ಲ ಅಂತೆಲ್ಲ ಊರಲ್ಲಿ ಹೇಳುತ್ತಾರೆ. ಎಕೋಸ್ಪ್ರಿನ್ ಐದು ದಿನ ನಿಲ್ಲಿಸಿ ಹೋಗಿ ಎಂದು ಮೆಡಿಕಲ್ ಶಾಪಿನವರು ಹೇಳಿದರು. ಅಮ್ಮನಿಗೆ ಸೂಜಿ ಅಂದರೆ ಭಯ. ಹೋದ ದಿನವೇ ಹಲ್ಲು ಕಿತ್ತುಬಿಡುತ್ತಾರಾ? ಏನು ತಯಾರಿ ಮಾಡಿಕೊಂಡು ಹೋಗಬೇಕು?

ಉತ್ತರ: ಹಲ್ಲಿನ ಡಾಕ್ಟರಾಗಿ ಮೊದಲು ಒಂದು ಮಾತು. ಎಕೋಸ್ಪ್ರಿನ್ ನಿಲ್ಲಿಸಬೇಡಿ. ಈಗಾಗಲೇ ನಿಲ್ಲಿಸಿದ್ದರೆ ಇವತ್ತೇ ಹೃದಯದ ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಮತ್ತೆ ಶುರು ಮಾಡಿಸಿ. ಉಳಿದದ್ದನ್ನು ಆಮೇಲೆ ನಿಧಾನವಾಗಿ ಓದಬಹುದು.

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ಎಕೋಸ್ಪ್ರಿನ್ ಅಂದರೆ ಆಸ್ಪಿರಿನ್. ಸ್ಟೆಂಟ್, ಅಂದರೆ ಹೃದಯದ ರಕ್ತನಾಳವನ್ನು ತೆರೆದಿಡುವ ಸಣ್ಣ ಕೊಳವೆ, ಅದರೊಳಗೆ ರಕ್ತ ಹೆಪ್ಪುಗಟ್ಟದಂತೆ ಈ ಮಾತ್ರೆ ನೋಡಿಕೊಳ್ಳುತ್ತದೆ. ನಿಲ್ಲಿಸಿದರೆ ಹೆಪ್ಪುಗಟ್ಟುವ ಅಪಾಯವಿದೆ, ಅದು ಹೃದಯಾಘಾತಕ್ಕೆ ದಾರಿ. ಹಲ್ಲು ಕಿತ್ತ ಜಾಗದಲ್ಲಿ ರಕ್ತ ಸ್ವಲ್ಪ ಜಾಸ್ತಿ ಹೊತ್ತು ಬಂದರೆ ಹತ್ತಿ ಕಚ್ಚಿಸಿ ನಿಲ್ಲಿಸಬಹುದು, ಹೊಲಿಗೆ ಹಾಕಬಹುದು, ರಕ್ತ ನಿಲ್ಲಿಸುವ ಔಷಧಿಯನ್ನು ಅಲ್ಲಿಯೇ ಒತ್ತಿ ಹಿಡಿಯಬಹುದು. ಬಾಯಿಯೊಳಗಿನ ರಕ್ತ ನಮ್ಮ ಕಣ್ಣೆದುರಿಗೇ ಇರುತ್ತದೆ, ಕೈಗೂ ಸಿಗುತ್ತದೆ. ಹೃದಯದ ರಕ್ತನಾಳ ಹಾಗಲ್ಲ. ಹಿಂದೆಲ್ಲ ನಿಲ್ಲಿಸಿ ಬನ್ನಿ ಎಂದು ಹೇಳುವ ರೂಢಿ ಇತ್ತು, ಅದೇ ಮಾತು ಇನ್ನೂ ಚಾಲ್ತಿಯಲ್ಲಿದೆ. ಈಗ ಒಂದೆರಡು ಹಲ್ಲು ಕೀಳುವುದಕ್ಕೆ ಆಸ್ಪಿರಿನ್ ನಿಲ್ಲಿಸುವುದಿಲ್ಲ.

ಮಾತ್ರೆಯ ಹೆಸರನ್ನು ಮಾತ್ರ ಸರಿಯಾಗಿ ನೋಡಿಕೊಳ್ಳಿ. ಎಕೋಸ್ಪ್ರಿನ್ ಎಂದು ನಾವು ಒಂದೇ ಉಸಿರಿಗೆ ಹೇಳಿದರೂ ಅದರಲ್ಲಿ ಬಗೆಬಗೆ ಇವೆ. ಎಕೋಸ್ಪ್ರಿನ್ ಎವಿ ಎಂದಿದ್ದರೆ ಆಸ್ಪಿರಿನ್ ಜೊತೆ ಕೊಲೆಸ್ಟ್ರಾಲ್ ಔಷಧಿ ಇರುತ್ತದೆ. ಎಕೋಸ್ಪ್ರಿನ್ ಗೋಲ್ಡ್ ಎಂದಿದ್ದರೆ ಕ್ಲೋಪಿಡೋಗ್ರೆಲ್ ಎಂಬ ಇನ್ನೊಂದು ರಕ್ತ ತೆಳುವಾಗಿಸುವ ಔಷಧಿಯೂ ಸೇರಿರುತ್ತದೆ. ರಕ್ತ ತೆಳುವಾಗಿಸುವ ಈ ಎರಡೂ ಔಷಧಿ ಇದ್ದರೂ ಹಲ್ಲು ಕೀಳಬಹುದು. ಆದರೆ ಡಾಕ್ಟರಿಗೆ ಮೊದಲೇ ಗೊತ್ತಿರಬೇಕು. ಆಗ ಒಂದು ಸಲಕ್ಕೆ ಒಂದೇ ಹಲ್ಲು, ಅದೂ ಬೆಳಗ್ಗೆ, ಹೊಲಿಗೆಯ ತಯಾರಿ ಇಟ್ಟುಕೊಂಡು ಮಾಡುತ್ತಾರೆ. ವಾರ್ಫರಿನ್ ಅಥವಾ ಅಸಿಟ್ರೋಂ ಎಂಬ ಬೇರೆ ಬಗೆಯ ರಕ್ತ ತೆಳುವಾಗಿಸುವ ಔಷಧಿ ತಗೊಳ್ಳುವವರ ಲೆಕ್ಕ ಬೇರೆ. ಅವರಿಗೆ ಐಎನ್‌ಆರ್ ಎಂಬ ರಕ್ತಪರೀಕ್ಷೆಯ ಹೊಸ ವರದಿ ಬೇಕು. ನಿಮ್ಮ ತಾಯಿಗೆ ಅದು ಬೇಕಾಗಲಿಕ್ಕಿಲ್ಲ.

ಅದಕ್ಕೇ ನನ್ನ ಪ್ರಕಾರ ಮೊದಲ ಭೇಟಿಯ ತಯಾರಿ ಎಂದರೆ ಒಂದು ಚೀಲ. ಅಮ್ಮ ನುಂಗುವ ಪ್ರತಿಯೊಂದು ಮಾತ್ರೆಯ ಸ್ಟ್ರಿಪ್ಪನ್ನೇ ಅದರಲ್ಲಿ ಹಾಕಿ ತನ್ನಿ. ಅರ್ಧ ಖಾಲಿಯಾಗಿದ್ದರೂ ಪರವಾಗಿಲ್ಲ. ಸ್ಟೆಂಟ್ ಹಾಕಿದ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಇತ್ತೀಚಿನ ಶುಗರ್ ವರದಿ, ಸಾಧ್ಯವಾದರೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ವರದಿ, ಇವೆಲ್ಲ ಅದೇ ಚೀಲದಲ್ಲಿರಲಿ. ಮೂಳೆ ಸವೆತಕ್ಕೆಂದು ವರ್ಷಕ್ಕೊಮ್ಮೆ ಕೊಡುವ ಇಂಜೆಕ್ಷನ್ ಅಥವಾ ವಾರಕ್ಕೊಂದು ಮಾತ್ರೆ ತಗೊಂಡಿದ್ದರೆ ಅದನ್ನು ಮರೆಯದೆ ಹೇಳಿ. ಈ ಔಷಧಿಗಳಲ್ಲಿ ಕೆಲವು ದವಡೆ ಮೂಳೆ ಮಾಯುವುದನ್ನು ತಡೆಯಬಹುದು. ಮಂಡಿನೋವಿಗೆ ತಗೊಂಡ ಇಂಜೆಕ್ಷನ್‌ಗೂ ಹಲ್ಲಿಗೂ ಏನು ಸಂಬಂಧ ಎಂದುಕೊಂಡು ಎಷ್ಟೋ ಜನ ಹೇಳುವುದೇ ಇಲ್ಲ. ಯಾವುದಕ್ಕೆ ಕೊಟ್ಟ ಇಂಜೆಕ್ಷನ್ ಎಂದು ಗೊತ್ತಿಲ್ಲದಿದ್ದರೆ ಹಾಗೆಂದೇ ಹೇಳಿ, ಚೀಟಿ ತೋರಿಸಿ. ಔಷಧಿಯ ಅಲರ್ಜಿ ಇದ್ದರೆ ಅದೂ ಬೇಕು.

ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಬೇಡಿ. ಇದು ತುಂಬ ಜನ ತಪ್ಪು ತಿಳಿದಿರುವ ವಿಷಯ. ಆಪರೇಷನ್‌ಗೆ ಉಪವಾಸ ಇರಬೇಕು ಎಂಬುದು ಪೂರ್ತಿ ಪ್ರಜ್ಞೆ ತಪ್ಪಿಸುವಾಗಿನ ಮಾತು. ಹಲ್ಲಿಗೆ ಕೊಡುವುದು ಆ ಜಾಗವನ್ನಷ್ಟೇ ಮರಗಟ್ಟಿಸುವ ಇಂಜೆಕ್ಷನ್. ಶುಗರ್ ಮಾತ್ರೆ ನುಂಗಿ, ತಿಂಡಿ ಬಿಟ್ಟು, ಬಸ್ಸಿನಲ್ಲಿ ಬಂದು, ಸಾಲಿನಲ್ಲಿ ಕೂತರೆ ಶುಗರ್ ಕುಸಿಯುತ್ತದೆ. ಬೆವರು, ನಡುಕ, ತಲೆಸುತ್ತು ಬರುತ್ತದೆ. ಅದನ್ನು ಜನ ಇಂಜೆಕ್ಷನ್ ತಲೆಗೆ ಹೊಡೆಯಿತು ಎಂದುಕೊಳ್ಳುತ್ತಾರೆ. ಎಂದಿನಂತೆ ತಿಂಡಿ, ಎಂದಿನಂತೆ ಮಾತ್ರೆ, ಬೆಳಗಿನ ಹೊತ್ತಿನ ಸಮಯ. ಇಷ್ಟು ಸಾಕು. ಅಂದು ಬೆಳಗ್ಗೆ ಹಲ್ಲುಜ್ಜಲಿ, ಎಲೆ ಅಡಿಕೆ ಹಾಕದೇ ಬರಲಿ. ಕೆಂಪು ರಸದಲ್ಲಿ ಬಾಯೊಳಗಿನ ಚರ್ಮದ ಬಣ್ಣ ನಮಗೆ ಕಾಣುವುದಿಲ್ಲ. ಅದು ಕಾಣುವುದು ಯಾಕೆ ಮುಖ್ಯ ಎಂದು ಮುಂದೆ ಹೇಳುತ್ತೇನೆ.

ಹೋದ ದಿನವೇ ಕೀಳುತ್ತಾರಾ? ನೀವು ಒಪ್ಪದೆ ಯಾರೂ ಕೀಳುವಂತಿಲ್ಲ. ಅಮ್ಮನಿಗೆ ಇದನ್ನು ಮನೆಯಲ್ಲೇ ಹೇಳಿ: ಇವತ್ತು ಬರೀ ತೋರಿಸಿಕೊಂಡು ಬರುವುದು. ಡಾಕ್ಟರಿಗೂ ಕೂತ ತಕ್ಷಣ ಹಾಗೇ ಹೇಳಿ. ನಾವೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಸಣ್ಣ ಕನ್ನಡಿ ಇಟ್ಟು ನೋಡುತ್ತೇವೆ, ಹಲ್ಲನ್ನು ಮೆಲ್ಲಗೆ ತಟ್ಟುತ್ತೇವೆ, ತಣ್ಣಗಿನದು ಮುಟ್ಟಿಸಿ ಜುಂ ಅನ್ನುವುದು ಎಷ್ಟು ಹೊತ್ತು ಇರುತ್ತದೆ ಎಂದು ಕೇಳುತ್ತೇವೆ, ಎಕ್ಸ್‌ರೇ ತೆಗೆಯುತ್ತೇವೆ. ಒಂದು ಹಲ್ಲಿನ ಎಕ್ಸ್‌ರೇಯಲ್ಲಿ ತಗಲುವ ವಿಕಿರಣ ತೀರಾ ಕಡಿಮೆ, ನಮ್ಮ ಸುತ್ತಲಿನ ಪ್ರಕೃತಿಯಿಂದ ಒಂದು ದಿನದಲ್ಲಿ ಬರುವಷ್ಟು. ಹೆದರಬೇಕಿಲ್ಲ. ಮೇಲಿನ ದವಡೆ ಹಲ್ಲಿಗಂತೂ ಎಕ್ಸ್‌ರೇ ಬೇಕೇ ಬೇಕು. ಅದರ ಬೇರುಗಳ ಮೇಲೆಯೇ ಸೈನಸ್ ಎಂಬ ಗಾಳಿಗೂಡು ಇರುತ್ತದೆ. ಬೇರು ಎಷ್ಟು ಹತ್ತಿರವಿದೆ ಎಂದು ನೋಡದೆ ಕಿತ್ತರೆ ಬಾಯಿಗೂ ಸೈನಸ್‌ಗೂ ನಡುವೆ ತೂತು ಬೀಳಬಹುದು. ಕುಡಿದ ನೀರು ಮೂಗಿಗೆ ಬರುತ್ತದೆ. ಇದು ಅಪರೂಪ, ಸರಿಪಡಿಸಲೂಬಹುದು. ಆದರೆ ಮೊದಲೇ ತಿಳಿದಿದ್ದರೆ ಒಳ್ಳೆಯದು.

ಕಣ್ಣಿನ ಮಾತಿಗೆ ಬರುತ್ತೇನೆ. ಮೇಲಿನ ಹಲ್ಲುಗಳಿಗೆ ಬರುವ ನರ ಬೇರೆ, ದೃಷ್ಟಿಯ ನರ ಬೇರೆ. ಹಲ್ಲು ಕಿತ್ತರೆ ದೃಷ್ಟಿ ಹೋಗುವುದಿಲ್ಲ. ಈ ನಂಬಿಕೆ ಹೇಗೆ ಬೆಳೆಯಿತು ಎಂದು ಊಹಿಸುವುದು ಕಷ್ಟವಲ್ಲ. ಹಲ್ಲು ಕೀಳಿಸುವ ವಯಸ್ಸಿನಲ್ಲೇ ಕಣ್ಣಿಗೆ ಪೊರೆ ಬರುತ್ತದೆ, ಶುಗರ್‌ನಿಂದ ಕಣ್ಣಿನ ಪರದೆಯೂ ಹಾಳಾಗುತ್ತದೆ. ಎರಡೂ ಒಂದೇ ವರ್ಷದಲ್ಲಿ ಆದರೆ ಹಲ್ಲಿನ ಮೇಲೆ ಅನುಮಾನ ಬರುವುದು ಸಹಜ. ನಿಜ ಹೇಳಬೇಕೆಂದರೆ ಕಣ್ಣಿಗೆ ಅಪಾಯ ಇರುವುದು ಹಲ್ಲನ್ನು ಹಾಗೇ ಬಿಟ್ಟಾಗ. ಮೇಲಿನ ಹಲ್ಲಿನ ಕೀವು ಮೇಲಕ್ಕೆ ಹರಡಿ ಕಣ್ಣಿನ ಕೆಳಗೆ ಊತ ಬಂದವರನ್ನು ನಾನು ನೋಡಿದ್ದೇನೆ. ಕೆನ್ನೆ ಅಥವಾ ಕಣ್ಣಿನ ಸುತ್ತ ಊತ, ಜ್ವರ, ಬಾಯಿ ತೆರೆಯಲು, ನುಂಗಲು ಕಷ್ಟ, ಇವುಗಳಲ್ಲಿ ಯಾವುದು ಕಂಡರೂ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಕ್ಲೀನಿಂಗ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಜನ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದಾರೆ. ಕ್ಲೀನ್ ಮಾಡಿಸಿದ ಮೇಲೆ ಹಲ್ಲು ಅಲುಗಾಡಿದಂತೆ ಅನಿಸುವುದು ನಿಜ. ಹಲ್ಲಿನ ನಡುವೆ ಸಂದಿ ಕಾಣುವುದೂ ನಿಜ. ಆದರೆ ಕಾರಣ ಕ್ಲೀನಿಂಗ್ ಅಲ್ಲ. ವರ್ಷಗಟ್ಟಲೆ ಕೂತ ಗಾರೆ, ಅಂದರೆ ಹಲ್ಲಿನ ಬುಡದಲ್ಲಿ ಗಟ್ಟಿಯಾದ ಕೊಳೆ, ವಸಡನ್ನು ಕೆರಳಿಸುತ್ತದೆ. ವಸಡಿನ ಸೋಂಕು ಒಳಗಿಳಿದು ಹಲ್ಲು ಹಿಡಿದಿರುವ ಮೂಳೆಯನ್ನು ಕರಗಿಸುತ್ತದೆ. ಮೂಳೆ ಹೋದ ಜಾಗದಲ್ಲಿ ಗಾರೆ ಕಲ್ಲಿನಂತೆ ಗಟ್ಟಿಯಾಗಿ ಕೂತು ಹಲ್ಲುಗಳನ್ನು ಒಂದಕ್ಕೊಂದು ಹಿಡಿದಿರುತ್ತದೆ. ಅದನ್ನು ತೆಗೆದಾಗ ಒಳಗಿನ ನಷ್ಟ ಹೊರಗೆ ಕಾಣುತ್ತದೆ. ಗಾರೆ ಬಿಟ್ಟರೆ ಉಳಿದ ಮೂಳೆಯೂ ಹೋಗುತ್ತದೆ. ತೆಗೆಸಿದರೆ ಊದಿದ ವಸಡು ಇಳಿದು, ಕೆಲವು ವಾರದಲ್ಲಿ ಹಲ್ಲು ಒಂದಷ್ಟು ಬಿಗಿಯೂ ಆಗಬಹುದು. ತಣ್ಣಗಿನದು, ಹುಳಿ ತಾಗಿದರೆ ಕೆಲವು ದಿನ ಜುಂ ಅನ್ನುತ್ತದೆ, ಅದು ಕಡಿಮೆಯಾಗುತ್ತದೆ. ಕರಗಿದ ಮೂಳೆ ಮಾತ್ರ ತಾನಾಗಿ ವಾಪಸ್ ಬರುವುದಿಲ್ಲ, ಆ ಭರವಸೆ ನಾನು ಕೊಡಲಾರೆ.

ಶುಗರ್ ಮತ್ತು ವಸಡಿನ ಸಂಬಂಧ ಎರಡೂ ಕಡೆಯಿಂದ ಇದೆ. ಶುಗರ್ ಜಾಸ್ತಿ ಇದ್ದರೆ ವಸಡಿನ ಸೋಂಕು ಬೇಗ ಬೆಳೆಯುತ್ತದೆ. ವಸಡಿನಲ್ಲಿ ಸೋಂಕು ಇದ್ದರೆ ಶುಗರ್ ಹಿಡಿತಕ್ಕೆ ಬರುವುದು ಕಷ್ಟ. ಮಾತ್ರೆ ಹೆಚ್ಚಿಸಿದರೂ ಶುಗರ್ ಇಳಿಯದವರಲ್ಲಿ ಬಾಯಿಯನ್ನೂ ಒಮ್ಮೆ ನೋಡಬೇಕು. ಇನ್ನೊಂದು ಮಾತು, ಆಮ್ಲೋಡಿಪಿನ್ ಕೆಲವರಲ್ಲಿ ವಸಡನ್ನು ಊದಿಸಿ ಬೆಳೆಸುತ್ತದೆ. ಹಲ್ಲಿನ ನಡುವೆ ವಸಡು ಗಂಟುಗಂಟಾಗಿ ಕಂಡರೆ ಆ ಮಾತ್ರೆಯೂ ಒಂದು ಕಾರಣವಿರಬಹುದು. ಬದಲಿಸುವುದು ಬಿಪಿ ನೋಡುವ ಡಾಕ್ಟರ ಕೆಲಸ, ನೀವೇ ನಿಲ್ಲಿಸಬೇಡಿ.

ಹಾಗಾದರೆ ಶುಗರ್ ಇದ್ದರೆ ಗಾಯ ಮಾಯುವುದಿಲ್ಲವಾ? ಹಿಡಿತದಲ್ಲಿದ್ದರೆ ಮಾಯುತ್ತದೆ. ನಾನು ಸಾಮಾನ್ಯವಾಗಿ ಆ ದಿನದ ಶುಗರ್ 250 ದಾಟಿದ್ದರೆ ತುರ್ತಿಲ್ಲದ ಹಲ್ಲು ಕೀಳುವುದನ್ನು ಮುಂದಕ್ಕೆ ಹಾಕುತ್ತೇನೆ, ಶುಗರ್ ನೋಡುವ ಡಾಕ್ಟರಿಗೆ ಒಂದು ಚೀಟಿ ಬರೆದುಕೊಡುತ್ತೇನೆ. 70ಕ್ಕಿಂತ ಕಡಿಮೆ ಇದ್ದರೆ ಮೊದಲು ಏನಾದರೂ ಸಿಹಿ ಕುಡಿಸುತ್ತೇನೆ. ಆದರೆ ಕೀವು ತುಂಬಿ ಊದಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಕೀವೇ ಶುಗರನ್ನು ಏರಿಸುತ್ತಿರುತ್ತದೆ. ಶುಗರ್ ಇಳಿಯಲಿ ಎಂದು ಕಾಯುತ್ತ ಕೂತರೆ ಎರಡೂ ಕೈಮೀರುತ್ತವೆ. ಆಗ ಆಸ್ಪತ್ರೆಯಲ್ಲಿ ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಆಗಬೇಕು.

ರಾತ್ರಿಯ ನೋವಿನ ಬಗ್ಗೆ ನೀವು ಬರೆದದ್ದು ನಮಗೆ ತುಂಬ ಸುಳಿವು ಕೊಡುತ್ತದೆ. ಹುಳುಕು ಹಲ್ಲಿನ ಮೇಲಿನ ಪದರ ದಾಟಿ ಒಳಗಿನ ನರದವರೆಗೆ ಹೋದಾಗ ನೋವು ತಾನಾಗಿ ಬರುತ್ತದೆ, ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಹೆಚ್ಚಿ ಇನ್ನೂ ಬಡಿಯುತ್ತದೆ. ಬರೀ ಸಿಮೆಂಟ್ ತುಂಬಿಸುವ ಹಂತ ದಾಟಿರಬಹುದು. ಆಂಟಿಬಯಾಟಿಕ್ ತಂದು ನುಂಗಿದರೆ ಈ ನೋವು ಹೋಗುವುದಿಲ್ಲ, ಹಲ್ಲಿನೊಳಗಿನ ಹಾಳಾದ ನರಕ್ಕೆ ಔಷಧಿ ಸರಿಯಾಗಿ ತಲುಪುವುದಿಲ್ಲ. ಕೆಲವು ಊರುಗಳಲ್ಲಿ ನೆಲಗುಳ್ಳದ ಬೀಜದ ಹೊಗೆ ಹಿಡಿಸಿ ಹಲ್ಲಿನ ಹುಳ ಬೀಳಿಸುತ್ತಾರೆ. ಹುಳುಕು ಆಗುವುದು ಹುಳದಿಂದಲ್ಲ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಸಕ್ಕರೆಯಿಂದ ಮಾಡುವ ಆಮ್ಲದಿಂದ. ಬಾಯಿ ಸುಟ್ಟುಕೊಳ್ಳುವುದಷ್ಟೇ ಲಾಭ. ಹೊಗೆಸೊಪ್ಪು ಅಥವಾ ಕಡ್ಡಿಪುಡಿ ಒತ್ತಿಟ್ಟರೆ ಸ್ವಲ್ಪ ಹೊತ್ತು ನೋವು ಮರೆತಂತಾಗುತ್ತದೆ, ಅಲ್ಲಿ ವಸಡು ಹಾಳಾಗುತ್ತದೆ.

ಭೇಟಿಯ ದಿನದವರೆಗೆ ನೋವು ತಡೆಯಲು ಪ್ಯಾರಾಸಿಟಮಾಲ್ ಸಾಕು, ಲಿವರ್ ತೊಂದರೆ ಇಲ್ಲದಿದ್ದರೆ 650ರ ಮಾತ್ರೆ ದಿನಕ್ಕೆ ಮೂರು ಸಲದವರೆಗೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ. ಸ್ಟೆಂಟ್ ಹಾಕಿದವರಿಗೆ ಅವು ಒಳ್ಳೆಯದಲ್ಲ, ಆಸ್ಪಿರಿನ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು, ಕಿಡ್ನಿಗೂ ಹೊರೆ. ಐಬುಪ್ರೊಫೆನ್ ಆಸ್ಪಿರಿನ್ನಿನ ಕೆಲಸಕ್ಕೇ ಅಡ್ಡ ಬರಬಹುದು. ಹುಳುಕಿನ ತೂತಿಗೆ ಲವಂಗದ ಎಣ್ಣೆ ಒಂದು ಹನಿ ಹತ್ತಿಯಲ್ಲಿ ಇಡಬಹುದು, ವಸಡಿಗೆ ತಾಗಿದರೆ ಸುಡುತ್ತದೆ. ಕೊನೆಯ ಮಾತ್ರೆ ಎಷ್ಟು ಗಂಟೆಗೆ ತಗೊಂಡರು ಎಂದು ಡಾಕ್ಟರಿಗೆ ಹೇಳಿ, ನೋವಿನ ಅಂದಾಜು ಅದರ ಮೇಲೆ ನಿಂತಿದೆ.

ಇಲ್ಲಿ ಒಂದು ಎಚ್ಚರಿಕೆ. ಹೃದಯದ ನೋವು ಕೆಲವೊಮ್ಮೆ ದವಡೆಗೆ ಬರುತ್ತದೆ, ಹೆಚ್ಚಾಗಿ ಕೆಳದವಡೆಗೆ. ನಡೆದಾಗ, ಮೆಟ್ಟಿಲು ಹತ್ತಿದಾಗ ಬಂದು, ಕೂತರೆ ಹೋಗುವ ದವಡೆ ನೋವು, ಜೊತೆಗೆ ಬೆವರು, ಎದೆ ಭಾರ, ಏದುಸಿರು ಇದ್ದರೆ ಹಲ್ಲಿನ ಡಾಕ್ಟರ ಹತ್ತಿರ ಬರಬೇಡಿ, ನೇರ ಹೃದಯದ ಆಸ್ಪತ್ರೆಗೆ ಹೋಗಿ. ನಿಮ್ಮ ತಾಯಿಯ ನೋವು ಮೇಲಿನ ಒಂದೇ ಹಲ್ಲಿನಲ್ಲಿದೆ, ರಾತ್ರಿ ಬರುತ್ತದೆ. ಹಲ್ಲಿನದೇ ಇರಬೇಕು ಅನಿಸುತ್ತದೆ. ಆದರೂ ಒಮ್ಮೆ ಕೇಳಿ ನೋಡಿ.

ಆ ದವಡೆ ಹಲ್ಲಿಗೆ ದಾರಿ ಎರಡು. ರೂಟ್ ಕೆನಾಲ್, ಅಂದರೆ ಒಳಗಿನ ಹಾಳಾದ ನರ ತೆಗೆದು ತುಂಬಿಸುವ ಕೆಲಸ ಮಾಡಿಸಿ ಕ್ಯಾಪ್ ಹಾಕಿಸುವುದು, ಇಲ್ಲ ಕೀಳಿಸುವುದು. ರೂಟ್ ಕೆನಾಲ್‌ನಲ್ಲಿ ಹಲ್ಲು ಉಳಿಯುತ್ತದೆ, ರಕ್ತ ಬರುವ ಗಾಯ ಇರುವುದಿಲ್ಲ. ಸ್ಟೆಂಟ್ ಇರುವವರಿಗೆ ಇದು ದೊಡ್ಡ ಅನುಕೂಲ. ಆದರೆ ಎರಡು ಮೂರು ಸಲ ಓಡಾಟ, ಕ್ಯಾಪ್ ಸೇರಿ ಕೆಲವು ಸಾವಿರ ರೂಪಾಯಿ ಖರ್ಚು. ಕ್ಯಾಪ್ ಆಮೇಲೆ ನೋಡೋಣ ಎಂದು ಬಿಟ್ಟರೆ ಹಲ್ಲು ಸೀಳಿಹೋಗುವ ಸಾಧ್ಯತೆ ಜಾಸ್ತಿ. ಹಲ್ಲಿನ ಸುತ್ತ ಮೂಳೆ ಚೆನ್ನಾಗಿದ್ದರೆ ನಾನು ಉಳಿಸುವ ಪರ. ಮೂಳೆ ಅರ್ಧಕ್ಕಿಂತ ಹೆಚ್ಚು ಹೋಗಿದ್ದರೆ ಅಷ್ಟು ಹಣ ಹಾಕಿಸುವುದು ನ್ಯಾಯವಲ್ಲ.

ಮುಂದಿನ ಎರಡು ಹಲ್ಲಿನ ಚಿಕಿತ್ಸೆ ಅವು ಎಷ್ಟು ಅಲುಗಾಡುತ್ತವೆ ಎಂಬುದರ ಮೇಲೆ ಹೋಗುತ್ತದೆ. ಹಿಂದೆ ಮುಂದೆ ಸ್ವಲ್ಪ ಅಲುಗಾಡಿದರೆ ಕ್ಲೀನ್ ಮಾಡಿ, ಅಕ್ಕಪಕ್ಕದ ಹಲ್ಲಿಗೆ ಹಿಂದುಗಡೆಯಿಂದ ತಂತಿ ಕಟ್ಟಿ ಹಿಡಿದು ನೋಡಬಹುದು. ಕೆಳಕ್ಕೆ ಒತ್ತಿದರೂ ಕುಸಿಯುವಂತಿದ್ದರೆ ತೆಗೆಯುವುದೇ ವಾಸಿ.

ಸೂಜಿಯ ಭಯವನ್ನು ಹಗುರವಾಗಿ ನೋಡಬೇಡಿ. ಏನೂ ಆಗಲ್ಲ ಸುಮ್ನೆ ಕೂತ್ಕೋ ಎಂದು ಗದರಿದರೆ ಬಿಪಿ ಏರುತ್ತದೆ. ಚುಚ್ಚುವ ಜಾಗಕ್ಕೆ ಮೊದಲು ಜೆಲ್ ಹಚ್ಚಿ ಎಂದು ಕೇಳಬಹುದು. ಔಷಧಿಯನ್ನು ನಿಧಾನಕ್ಕೆ ಬಿಟ್ಟರೆ ಉರಿ ಕಡಿಮೆ. ನಾನು ನನ್ನ ರೋಗಿಗಳಿಗೆ ಹೇಳುವುದು ಇಷ್ಟು: "ಅಮ್ಮಾ, ನೋವಾದರೆ ಎಡಗೈ ಎತ್ತಿ, ತಕ್ಷಣ ನಿಲ್ಲಿಸ್ತೀನಿ." ಒಮ್ಮೆ ಕೈ ಎತ್ತಿದಾಗ ನಿಜವಾಗಿ ನಿಲ್ಲಿಸಿದರೆ ಅರ್ಧ ಭಯ ಹೋಗುತ್ತದೆ. ಕೀಳುವಾಗ ಒತ್ತಡ ಗೊತ್ತಾಗುತ್ತದೆ, ಚೂಪಾದ ನೋವು ಗೊತ್ತಾಗಬಾರದು. ಗೊತ್ತಾದರೆ ಹೇಳಲಿ, ಇನ್ನಷ್ಟು ಔಷಧಿ ಕೊಡಬಹುದು. ಕೀವು ಇರುವ ಹಲ್ಲಿಗೆ ಮರಗಟ್ಟಿಸುವುದು ಕಷ್ಟ, ನೋವು ಜೋರಾಗುವ ಮೊದಲೇ ಬರಲು ಇದೂ ಒಂದು ಕಾರಣ. ಇಂಜೆಕ್ಷನ್ನಿನಲ್ಲಿ ಹೃದಯ ಬಡಿತ ಏರಿಸಬಲ್ಲ ಅಡ್ರಿನಾಲಿನ್ ಚೂರು ಇರುತ್ತದೆ, ಸ್ಟೆಂಟ್ ಇದೆ ಎಂದು ಗೊತ್ತಿದ್ದರೆ ಅದರ ಪ್ರಮಾಣವನ್ನು ಡಾಕ್ಟರು ಕಡಿಮೆ ಇಡುತ್ತಾರೆ. ಮರಗಟ್ಟಿದ್ದು ಎರಡರಿಂದ ನಾಲ್ಕು ಗಂಟೆ ಇರಬಹುದು. ಅಲ್ಲಿಯವರೆಗೆ ಬಿಸಿ ಕಾಫಿ ಬೇಡ, ತುಟಿ ಕಚ್ಚಿಕೊಳ್ಳುವ ಅಪಾಯವೂ ಇದೆ.

ಈಗ ಎಲೆ ಅಡಿಕೆಯ ಮಾತು. ಹಲ್ಲಿಗಿಂತ ನನಗೆ ಇದೇ ಹೆಚ್ಚು ಚಿಂತೆ. ಹೊಗೆಸೊಪ್ಪು ಬಾಯಿ ಕ್ಯಾನ್ಸರ್ ತರುತ್ತದೆ ಎಂದು ಎಲ್ಲರಿಗೂ ಗೊತ್ತು. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಅಡಿಕೆ ಬೆಳೆಯುವ ನಾಡಿನಲ್ಲಿ ಕೂತು ಇದನ್ನು ಹೇಳುವುದು ನನಗೂ ಸುಲಭವಲ್ಲ, ಆದರೆ ಹೇಳದೆ ಇರಲಾರೆ. ಅಮ್ಮ ಎಲೆ ಅಡಿಕೆ ಒತ್ತಿಟ್ಟುಕೊಳ್ಳುವ ಕೆನ್ನೆಯ ಒಳಭಾಗವನ್ನು ಬೆಳಕಿನಲ್ಲಿ ನೋಡಿ. ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಕಲೆ, ಎರಡು ವಾರ ದಾಟಿದರೂ ಮಾಯದ ಹುಣ್ಣು, ಖಾರ ತಾಗಿದರೆ ಉರಿ, ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಬಾಯಿಗೆ ಇಡಲಾಗದಷ್ಟು ಬಾಯಿ ಬಿಗಿತ, ಇವು ಇದ್ದರೆ ಡಾಕ್ಟರಿಗೆ ಮೊದಲು ತೋರಿಸಬೇಕಾದದ್ದು ಇದನ್ನೇ. ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸೋಣ ಎಂದರೆ ಗಾಬರಿಯಾಗಬೇಡಿ, ಎಲ್ಲ ಕಲೆಯೂ ಕ್ಯಾನ್ಸರ್ ಅಲ್ಲ. ಬೇಗ ಸಿಕ್ಕರೆ ಚಿಕಿತ್ಸೆ ಸಣ್ಣದರಲ್ಲಿ ಮುಗಿಯುತ್ತದೆ. ಬೇಡ ಎಂದು ಮುಂದೂಡಬೇಡಿ. ಇಷ್ಟು ವರ್ಷದ ಅಭ್ಯಾಸವನ್ನು ಒಂದೇ ದಿನದಲ್ಲಿ ಬಿಡು ಎಂದರೆ ಅಮ್ಮನಿಗೆ ಆಗಲಿಕ್ಕಿಲ್ಲ. ತಂಬಾಕು ಬಿಡಲು ನೆರವಾಗುವ ಸರ್ಕಾರದ ಉಚಿತ ಸಹಾಯವಾಣಿ ಇದೆ, 1800-11-2356. ಮೊದಲು ಹೊಗೆಸೊಪ್ಪು ಬಿಡಿಸಿ, ಆಮೇಲೆ ಅಡಿಕೆ.

ಹಲ್ಲು ಕೀಳಿಸಿದರೆ ಆಮೇಲಿನ ಒಂದು ದಿನ ಮುಖ್ಯ. ಹತ್ತಿಯನ್ನು ಮುಕ್ಕಾಲು ಗಂಟೆ ಗಟ್ಟಿಯಾಗಿ ಕಚ್ಚಿರಬೇಕು, ಪದೇ ಪದೇ ತೆಗೆದು ನೋಡಬಾರದು. ಉಗುಳಬಾರದು, ಮುಕ್ಕಳಿಸಬಾರದು, ಎಲೆ ಅಡಿಕೆ ಬೇಡವೇ ಬೇಡ. ಆರಿದ ಮೊಸರನ್ನ, ಗಂಜಿ ಸಾಕು, ಆದರೆ ಊಟ ಬಿಡಬಾರದು, ಶುಗರ್ ಮಾತ್ರೆ ಇದೆಯಲ್ಲ. ಎಂಜಲಿನಲ್ಲಿ ತುಸು ಕೆಂಪು ಇರುವುದು ಸಹಜ. ಹತ್ತಿ ಕಚ್ಚಿದ ಮೇಲೂ ಬಾಯಿ ತುಂಬ ರಕ್ತ ಬರುತ್ತಿದ್ದರೆ ರಾತ್ರಿಯಾದರೂ ಫೋನ್ ಮಾಡಿ. ಮಾರನೇ ದಿನದಿಂದ ಉಗುರುಬೆಚ್ಚಗಿನ ಉಪ್ಪುನೀರು. ಮೂರನೇ ದಿನದ ಹೊತ್ತಿಗೆ ನೋವು ಇಳಿಯುವ ಬದಲು ಏರಿದರೆ ವಾಪಸ್ ತೋರಿಸಿ. ಕಿತ್ತ ಗುಣಿಯಲ್ಲಿ ಹೆಪ್ಪು ಕದಲಿ ಮೂಳೆ ತೆರೆದುಕೊಂಡಿರಬಹುದು, ತಂಬಾಕು ಹಾಕುವವರಲ್ಲಿ ಇದು ಜಾಸ್ತಿ.

ಎಲ್ಲಿಗೆ ಹೋಗುವುದು? ತಾಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ಮೊದಲು ತೋರಿಸಬಹುದು, ಹಲ್ಲು ಕೀಳುವುದಕ್ಕೆ ಅಲ್ಲಿ ಹೆಚ್ಚು ಖರ್ಚಿಲ್ಲ. ಸ್ಟೆಂಟ್ ಇರುವುದರಿಂದ ಜನರಲ್ ಡಾಕ್ಟರೂ ಅದೇ ಕಟ್ಟಡದಲ್ಲಿ ಇರುವುದು ಅನುಕೂಲ. ವಸಡಿಗೆ, ರೂಟ್ ಕೆನಾಲ್‌ಗೆ ಬೇರೆ ಬೇರೆ ತಜ್ಞರು ಬೇಕಾದರೆ ದಂತ ಕಾಲೇಜು ಒಳ್ಳೆಯದು. ಬೆಂಗಳೂರಿನಲ್ಲಿ ಸರ್ಕಾರಿ ದಂತ ಕಾಲೇಜು ಇದೆ, ದಾವಣಗೆರೆ, ಮೈಸೂರು, ಧಾರವಾಡ, ಮಂಗಳೂರಿನಲ್ಲಿ ಖಾಸಗಿ ಕಾಲೇಜುಗಳಿವೆ. ವಿದ್ಯಾರ್ಥಿಗಳು ಮಾಡುತ್ತಾರೆ, ಸಮಯ ಹಿಡಿಯುತ್ತದೆ, ಮೇಲೆ ಶಿಕ್ಷಕರು ನೋಡುತ್ತಿರುತ್ತಾರೆ, ಖರ್ಚು ಕಡಿಮೆ. ಖಾಸಗಿ ಕ್ಲಿನಿಕ್ ಆದರೆ ಗೋಡೆಯ ಮೇಲೆ ಡಾಕ್ಟರ ನೋಂದಣಿ ಸಂಖ್ಯೆ ಇದೆಯಾ ನೋಡಿ. ಉಪಕರಣ ಆಟೋಕ್ಲೇವ್ ಮಾಡಿದ್ದಾ, ಅಂದರೆ ಬಿಸಿ ಆವಿಯಲ್ಲಿ ಕ್ರಿಮಿ ಕೊಂದದ್ದಾ, ಸೂಜಿ ಹೊಸದಾ ಎಂದು ಕೇಳಲು ಸಂಕೋಚ ಬೇಡ. ಕೆಲಸ ಶುರು ಮಾಡುವ ಮೊದಲು ಒಟ್ಟು ಖರ್ಚನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

ಹಲ್ಲು ಹೋದ ಜಾಗಕ್ಕೆ ಹೊಸದು ಕಟ್ಟಿಸಲು ಆತುರ ಬೇಡ. ವಸಡು, ಮೂಳೆ ಕೂತುಕೊಳ್ಳಲು ಎರಡು ಮೂರು ತಿಂಗಳು ಬೇಕು. ಮುಂದಿನ ಹಲ್ಲು ಇಲ್ಲದೆ ಮದುವೆ ಮನೆಗೆ ಹೇಗೆ ಹೋಗಲಿ ಎಂದು ಅಮ್ಮ ಕೇಳಿದರೆ ಅಲ್ಲಿಯವರೆಗೆ ತೆಗೆದು ಹಾಕುವ ತಾತ್ಕಾಲಿಕ ಸೆಟ್ಟು ಮಾಡಿಸಬಹುದು. ಸಂತೆಯಲ್ಲಿ, ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ಅರ್ಧ ಗಂಟೆಯಲ್ಲಿ ಹಲ್ಲು ಅಂಟಿಸಿಕೊಡುವವರ ಹತ್ತಿರ ಮಾತ್ರ ಹೋಗಬೇಡಿ. ಅವರು ಪ್ಲಾಸ್ಟಿಕ್ಕನ್ನು ವಸಡಿನ ಮೇಲೆಯೇ ಗಟ್ಟಿಯಾಗಿ ಕೂರಿಸುತ್ತಾರೆ, ತೊಳೆಯಲು ಆಗುವುದಿಲ್ಲ. ಒಳಗೆ ಕೀವಾಗಿ ಪಕ್ಕದ ಗಟ್ಟಿ ಹಲ್ಲುಗಳೂ ಹೋಗುತ್ತವೆ, ಶುಗರ್ ಇರುವವರಿಗೆ ಇನ್ನೂ ಬೇಗ.